ಪದಚರ್ಚೆ: ಕಾರು ‘ಸೋರುವುದು’ ಮನೆಯಂತೆಯೋ, ಕೊಡದಂತೆಯೋ?

ಮಾನ್ಯರೆ,

‘ಸೋರು’ ಎಂಬ ಕ್ರಿಯಾಪದದ ವ್ಯಾಪ್ತಿಯ ಬಗ್ಗೆ ನನಗೊಂದು ಸಂದೇಹವಿದೆ. ಅದಕ್ಕೆ ಅಂಟಿಕೊಂಡು ಇನ್ನೂ ಎರಡು ಮೂರು ಪದಗಳ ಪ್ರಶ್ನೆಗಳಿವೆ. ನಾನು ಕೋಲಾರದವನು. ಈ ಸಂದೇಹ ಹುಟ್ಟಿದ್ದು ಪೆಟ್ರೋಲ್ ಎಂಜಿನ್ನೂ ಬ್ಯಾಟರಿಯ ಮೋಟಾರೂ ಎರಡೂ ಇರುವ ನಮ್ಮ ಮನೆಯ ಹೈಬ್ರಿಡ್ ಎಸ್‌ಯುವಿಯನ್ನು ರಿಪೇರಿಗೆ ಬಿಟ್ಟಾಗ ಬರೆಸಿದ ಜಾಬ್ ಕಾರ್ಡಿನಿಂದ. ಅದರಲ್ಲಿ ನನ್ನದೇ ಮಾತನ್ನು ಗುಮಾಸ್ತರು ಎರಡು ವಾಕ್ಯವಾಗಿ ಇಳಿಸಿದ್ದರು: “ವಾಹನ ಸೋರುತ್ತದೆ. ಕರೆಂಟ್ ಲೀಕ್ ಇದೆ.” ಎರಡೂ ವಾಕ್ಯಗಳು ವ್ಯಾಕರಣದ ಪ್ರಕಾರ ಶುದ್ಧವಾಗಿದ್ದವು. ಎರಡೂ ಕೆಲಸಗಾರರನ್ನು ಇಲ್ಲದ ಕಡೆ ಹುಡುಕಲು ಕಳುಹಿಸಿದವು.

ಆದದ್ದು ಇಷ್ಟು. ವೈಶಾಖದ ಮೊದಲ ದೊಡ್ಡ ಮಳೆ ಸುರಿದ ಮಾರನೆಯ ಬೆಳಿಗ್ಗೆ ಎಡಗಡೆಯ ಮುಂದಿನ ಸೀಟಿನ ಕಾಲಡಿಯಲ್ಲಿ ನೀರು ನಿಂತಿತ್ತು. ಮೇಲಿನ ಮ್ಯಾಟ್ ಒಣಗಿದಂತೆ ಕಂಡರೂ ಕೆಳಗಿನ ದಪ್ಪ ಸ್ಪಂಜನ್ನು ಒತ್ತಿದರೆ ಬೆರಳ ಸಂದಿನಿಂದ ನೀರು ಉಕ್ಕುತ್ತಿತ್ತು, ನೆನೆದ ಗೋಣಿಚೀಲದ ವಾಸನೆ ಬರುತ್ತಿತ್ತು. ನಾನು ರಿಪೇರಿ ಕೇಂದ್ರಕ್ಕೆ ಹೋಗಿ “ಕಾರು ಸೋರುತ್ತಿದೆ” ಎಂದೆ. ಅಲ್ಲಿಯವರು ಗಾಡಿಯನ್ನು ಲಿಫ್ಟಿನ ಮೇಲೆ ಎತ್ತಿ, ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ), ಎಂಜಿನ್ ಆಯಿಲ್, ಬ್ರೇಕ್ ಆಯಿಲ್ ಎಲ್ಲವನ್ನೂ ತಳದಿಂದ ನೋಡಿ, “ಎಲ್ಲೂ ಸೋರಿಕೆ ಇಲ್ಲ” ಎಂದು ಬರೆದು ಕಳುಹಿಸಿದರು. ಎರಡನೆಯ ಸಲ ಹೋದಾಗ ಮೇಲಿನಿಂದ ಎಂದು ಬೆರಳು ತೋರಿಸಿ ಹೇಳಿದ್ದಕ್ಕೆ ಸನ್‌ರೂಫಿನ (ಚಾವಣಿಯಲ್ಲಿ ತೆರೆಯುವ ಕಿಂಡಿಯ) ಗಾಜಿನ ಸುತ್ತ ಅಂಟು ಹಚ್ಚಿ ಕಳುಹಿಸಿದರು. ಮುಂದಿನ ಮಳೆಗೆ ಮತ್ತೆ ಅಷ್ಟೇ ನೀರು.

ಆಗ ನನಗೆ ಹೊಳೆದದ್ದು ‘ಸೋರು’ ಎಂಬುದರ ವಿಚಿತ್ರ ಸ್ವಭಾವ. ‘ಮನೆ ಸೋರುತ್ತದೆ’ ಎಂದಾಗ ನೀರು ಹೊರಗಿನಿಂದ ಒಳಗೆ ಬರುತ್ತದೆ. ‘ಕೊಡ ಸೋರುತ್ತದೆ’ ಎಂದಾಗ ಒಳಗಿನ ನೀರು ಹೊರಗೆ ಹೋಗುತ್ತದೆ. ದಿಕ್ಕು ಪದದಲ್ಲಿಲ್ಲ, ಕರ್ತೃವಿನ ಬಗ್ಗೆ ನಮಗಿರುವ ತಿಳಿವಳಿಕೆಯಲ್ಲಿದೆ. ಮನೆಯಲ್ಲಿ ತುಂಬಿಟ್ಟ ನೀರಿಲ್ಲ, ಕೊಡದ ಮೇಲೆ ಮಳೆ ಸುರಿಯುವ ಮಾತಿಲ್ಲ, ಆದ್ದರಿಂದ ಗೊಂದಲವೂ ಇಲ್ಲ. ಆದರೆ ಕಾರು ಮನೆಯೂ ಹೌದು, ಕೊಡವೂ ಹೌದು. ನಾನು ಮನೆಯ ಅರ್ಥದಲ್ಲಿ ಆಡಿದ ಮಾತನ್ನು ಅವರು ಕೊಡದ ಅರ್ಥದಲ್ಲಿ ಕೇಳಿಸಿಕೊಂಡರು. ಹಳಗನ್ನಡದ ‘ಸೋರ್ಮುಡಿ’ಯಲ್ಲಿ, ಅಂದರೆ ಬಿಚ್ಚಿ ಇಳಿಬಿದ್ದ ಕೂದಲಿನಲ್ಲಿ, ಒಳಗೂ ಇಲ್ಲ ಹೊರಗೂ ಇಲ್ಲ, ಬರೀ ಕೆಳಗೆ ಇಳಿಯುವ ಭಾವ ಮಾತ್ರ ಇದೆ. ಬಹುಶಃ ಪದದ ಮೂಲ ಗುಣವೇ ಅದಾಗಿದ್ದು, ದಿಕ್ಕನ್ನು ನಾವೇ ತುಂಬಿಕೊಳ್ಳುತ್ತಿದ್ದೇವೆ ಎಂದು ನನ್ನ ಊಹೆ. ಹಾಗಾದರೆ ‘ಒಳಸೋರು’, ‘ಹೊರಸೋರು’ ಎಂದು ಬಿಡಿಸಿ ಹೇಳುವ ಬಳಕೆ ಎಲ್ಲಾದರೂ ಇದೆಯೇ? ನನ್ನ ಕಿವಿಗೆ ಎರಡೂ ಕೃತಕವಾಗಿ ಕೇಳುತ್ತವೆ.

ಮೂರನೆಯ ಸಲ, ಅಲ್ಲಿದ್ದ ಹಿರಿಯ ಕೆಲಸಗಾರರೊಬ್ಬರು ಸನ್‌ರೂಫ್ ತೆರೆಸಿ, ಅದರ ಅಂಚಿನ ಸಂದಿಗೆ ಒಂದು ಟೀ ಲೋಟದಷ್ಟು ನೀರು ಹೊಯ್ದು ಸುಮ್ಮನೆ ನಿಂತು ನೋಡಿದರು. ನೀರು ಕದಲಲಿಲ್ಲ. ಸನ್‌ರೂಫಿನ ರಬ್ಬರ್ ಪಟ್ಟಿ ನೀರನ್ನು ಪೂರ್ತಿ ತಡೆಯಬೇಕೆಂದೇನೂ ಇಲ್ಲವಂತೆ. ಸ್ವಲ್ಪ ನೀರು ಒಳಗೆ ಬರುತ್ತದೆಂದೇ ಲೆಕ್ಕ ಹಾಕಿ, ಗಾಜಿನ ಕೆಳಗೆ ಒಂದು ತಟ್ಟೆ, ಅದರ ಮೂಲೆಗಳಿಂದ ಚಾವಣಿಯನ್ನು ಹೊತ್ತ ಕಂಬಗಳ ಒಳಗೆ ಇಳಿದು ಗಾಡಿಯ ಹೊರಗೆ ಬಾಯಿ ಬಿಡುವ ಸಣ್ಣ ಕೊಳವೆಗಳು ಇರುತ್ತವೆ. ನಾವು ಗಾಡಿ ನಿಲ್ಲಿಸುವುದು ಹೊಂಗೆ ಮರದ ಕೆಳಗೆ. ಉದುರಿದ ಹೂವು ಧೂಳಿನೊಂದಿಗೆ ಕೊಳೆತು, ನಸುಗಂದು ಬಣ್ಣದ ಹಿಟ್ಟಿನಂತಾಗಿ, ಎಡ ಮುಂದಿನ ಕೊಳವೆಯ ಬಾಯಿಯಲ್ಲಿ ಬಿರಡೆಯ ಹಾಗೆ ಕೂತಿತ್ತು. ತಟ್ಟೆ ತುಂಬಿ ಚೆಲ್ಲಿದ ನೀರು ಕಂಬದ ಒಳಗಿನಿಂದ ಕಾಲಡಿಗೆ ಇಳಿದಿತ್ತು. ಗಾಳಿಯನ್ನು ಮೆಲ್ಲಗೆ ಊದಿ ಅದನ್ನು ತೆಗೆದರು. ಜೋರಾಗಿ ಊದಿದರೆ ಕೊಳವೆಯೇ ಕೀಲಿನಿಂದ ಕಳಚಿಕೊಳ್ಳುತ್ತದೆ ಎಂದು ಎಚ್ಚರಿಸಿದ್ದೂ ಅವರೇ.

ಅಂದರೆ ನಮ್ಮ ಗಾಡಿ ‘ಸೋರಿರಲೇ’ ಇಲ್ಲ. ಕೆರೆಯ ಭಾಷೆಯಲ್ಲಿ ಹೇಳುವುದಾದರೆ ಅದರ ಕೋಡಿ ಕಟ್ಟಿಕೊಂಡಿತ್ತು. ವರ್ಷವಿಡೀ ಹರಿಯುವ ಹೊಳೆಯಿಲ್ಲದ, ಕೆರೆಗಳಿಂದಲೇ ಬದುಕಿದ ಈ ಸೀಮೆಯಲ್ಲಿ ನೀರಿನ ಪ್ರತಿಯೊಂದು ನಡೆಗೂ ಬೇರೆ ಬೇರೆ ಮಾತಿದೆ: ಕೆರೆಯಂಗಳದಲ್ಲಿ ನೀರು ಇಂಗುತ್ತದೆ, ಏರಿಯ ಬುಡದಲ್ಲಿ ಜಿನುಗುತ್ತದೆ, ಸರಿಯಾಗಿ ಮುಚ್ಚದ ತೂಬಿನಲ್ಲಿ ಸೋರುತ್ತದೆ, ತುಂಬಿದಾಗ ಕೋಡಿ ಹರಿಯುತ್ತದೆ. ಇಷ್ಟನ್ನೂ ಬಲ್ಲ ನಾವು ಗಾಡಿಯ ಬಳಿ ನಿಂತೊಡನೆ ‘ಲೀಕ್’ ಎಂಬ ಒಂದೇ ಮಾತಿಗೆ ಇಳಿಯುತ್ತೇವೆ, ಹೆಚ್ಚೆಂದರೆ ಅದನ್ನು ‘ಸೋರಿಕೆ’ ಎಂದು ಅನುವಾದಿಸಿ ತೃಪ್ತರಾಗುತ್ತೇವೆ. ಸನ್‌ರೂಫಿನ ಈ ಕೊಳವೆಗೆ ‘ಬಸಿಗೊಳವೆ’ ಎನ್ನುವುದು ಬಸಿಗಾಲುವೆಯ ಜಾಡಿನಲ್ಲಿ ಸರಿಯೇನೋ. ಆದರೆ ಬಸಿಯುವುದರಲ್ಲಿ, ಅನ್ನದ ಗಂಜಿಯನ್ನು ಬಸಿಯುವ ಹಾಗೆ, ಬೇಕೆಂದೇ ಬೇರ್ಪಡಿಸುವ ಅರ್ಥ ಗಟ್ಟಿಯಾಗಿದೆ. ಹೆಚ್ಚಾದದ್ದು ತಾನಾಗಿ ಹೋಗಲೆಂದು ಮೊದಲೇ ಬಿಟ್ಟ ದಾರಿಗೆ ‘ಕೋಡಿ’ಯೇ ಒಪ್ಪುತ್ತದೆ ಎಂದು ನನಗನ್ನಿಸುತ್ತದೆ. ಅಂಗೈ ಅಗಲದ ತಟ್ಟೆಗೆ ಕೋಡಿ ಎಂದರೆ ಅತಿಯಾಯಿತೇ ಎಂಬುದನ್ನು ಬಲ್ಲವರು ಹೇಳಬೇಕು.

ಗಾಡಿಯ ತಳದ ಮಾತು ಸುಲಭ. ಏಸಿ ಹಾಕಿ ನಿಲ್ಲಿಸಿದಾಗ ಕೆಳಗೆ ಬೀಳುವ ನೀರು ಗಾಳಿಯಲ್ಲಿದ್ದ ತೇವವೇ ಹನಿಯಾದದ್ದು, ಅದು ತೊಟ್ಟಿಕ್ಕುತ್ತದೆ ಎಂದರೆ ದೋಷದ ಧ್ವನಿ ಬಾರದು. ಕೂಲೆಂಟ್ ಹಾಗಲ್ಲ. ಅದು ಪೈಪಿನ ಸಂದಿನಲ್ಲಿ ಕಂಡೂ ಕಾಣದಂತೆ ಹೊರಬಂದು, ಬಿಸಿಗೆ ನೀರಿನ ಅಂಶ ಆರಿಹೋಗಿ, ನಸುಗೆಂಪು ಪುಡಿಯ ಕರೆಯನ್ನಷ್ಟೇ ಉಳಿಸುತ್ತದೆ. ನೆಲದ ಮೇಲೆ ಒಂದು ಹನಿಯೂ ಇರುವುದಿಲ್ಲ. ಇದಕ್ಕೆ ‘ಒಸರು’ ಎಂಬುದೇ ತಕ್ಕ ಮಾತು, ಹೊಸ ಮಣ್ಣಿನ ಗಡಿಗೆ ಒಸರುವ ಹಾಗೆ. ಅನೇಕ ಹೈಬ್ರಿಡ್ ಗಾಡಿಗಳಲ್ಲಿ ಎಂಜಿನ್ನಿಗೊಂದು, ಬ್ಯಾಟರಿಯ ವಿದ್ಯುತ್ತನ್ನು ಮೋಟಾರಿಗೆ ಹೊಂದಿಸುವ ಇನ್ವರ್ಟರಿಗೊಂದು ಎಂದು ಎರಡು ಕೂಲೆಂಟ್ ತೊಟ್ಟಿಗಳಿರುವುದರಿಂದ, ‘ಯಾವುದು ಒಸರುತ್ತಿದೆ’ ಎಂದು ಕೇಳುವುದು ಪದಶುದ್ಧಿಗಿಂತ ದೊಡ್ಡ ವಿಷಯ.

ಇಲ್ಲೊಂದು ಉಪಕಥೆ. ಮುಳಬಾಗಿಲು ಕಡೆಯ ತೆಲುಗು ಮನೆಮಾತಿನ ಮೆಕ್ಯಾನಿಕ್ ಒಬ್ಬರು ಇದೆಲ್ಲವನ್ನೂ ಕೇಳಿ, “ಕಾರು ಕಾರತಾ ಉಂಡಾದಿ” ಎಂದು ನಕ್ಕರು. ತೆಲುಗಿನ ‘ಕಾರು’ ಎಂದರೆ ಸೋರು. ಕನ್ನಡದ ‘ಕಾರು’ ಕಕ್ಕುವುದು, ಹೊರಹಾಕುವುದು. ವಿಷ ಕಾರುವುದು, ಕೆಂಡ ಕಾರುವುದು ಎನ್ನುತ್ತೇವಲ್ಲ, ಅದು. ಎರಡು ಭಾಷೆಯ ಗಡಿಯಲ್ಲಿ ಕೂತವರಿಗೆ ಈ ಗಾಡಿಗೆ ‘ಕಾರು’ ಎಂದು ಹೆಸರಿಟ್ಟದ್ದೇ ಅಪಶಕುನದಂತೆ ತೋರಬಹುದು.

‘ಹೈಬ್ರಿಡ್’ ಪದವನ್ನು ಬದಲಿಸುವ ಆಸೆ ನನಗಿಲ್ಲ. ಟೊಮೆಟೊ ಮಂಡಿಯ ಊರಿನಲ್ಲಿ ಆ ಮಾತನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನೆರೆಯ ರೈತರೊಬ್ಬರು ಗಾಡಿಯನ್ನು ಒಂದು ಸುತ್ತು ಬಂದು, “ಹಾಗಾದರೆ ನಾಟಿ ಯಾವುದು, ಪೆಟ್ರೋಲಿನದೋ ಬ್ಯಾಟರಿಯದೋ?” ಎಂದು ಕೇಳಿದ್ದು ನನಗೆ ಬಹಳ ಇಷ್ಟವಾಯಿತು. ಲ್ಯಾಟಿನ್ ಮೂಲದಲ್ಲಿ ಅದು ಸಾಕುಹಂದಿಗೂ ಕಾಡುಹಂದಿಗೂ ಹುಟ್ಟಿದ ಮರಿಯ ಹೆಸರು. ಪತ್ರಿಕೆಗಳು ‘ಮಿಶ್ರತಳಿ ಕಾರು’ ಎಂದು ಬರೆಯದಿದ್ದರೆ ಸಾಕು. ಇಲ್ಲಿ ತಳಿ ಎಲ್ಲಿದೆ?

ನಿಜವಾದ ತೊಡಕು ಜಾಬ್ ಕಾರ್ಡಿನ ಎರಡನೆಯ ವಾಕ್ಯದಲ್ಲಿದೆ. ನೀರು ನಿಂತ ಜಾಗದಲ್ಲಿ ಒಂದು ವೈರಿಂಗ್ ಕನೆಕ್ಟರ್ ನೆನೆದು, ನಿದ್ರಿಸಬೇಕಾದ ಒಂದು ಎಲೆಕ್ಟ್ರಾನಿಕ್ ಪೆಟ್ಟಿಗೆ ರಾತ್ರಿಯೆಲ್ಲ ಎಚ್ಚರವಾಗಿಯೇ ಇರುತ್ತಿತ್ತು. ಗಾಡಿ ಬೀಗ ಹಾಕಿ ಮಲಗಿದ ಮೇಲೆ 12 ವೋಲ್ಟಿನ ಸಣ್ಣ ಬ್ಯಾಟರಿಯಿಂದ ಹೊರಡುವ ಕರೆಂಟ್ ಸಾಮಾನ್ಯವಾಗಿ 50 ಮಿಲಿಆಂಪಿಯರಿನ ಒಳಗಿರಬೇಕು; ನಮ್ಮದರಲ್ಲಿ ಮೀಟರ್ 380 ತೋರಿಸಿತು. 45 ಆಂಪಿಯರ್-ಅವರಿನ ಬ್ಯಾಟರಿ ಆ ಲೆಕ್ಕದಲ್ಲಿ ಐದು ದಿನಕ್ಕೆ ಬರಿದು. ಐದನೆಯ ದಿನ ಗುಂಡಿ ಒತ್ತಿದರೆ, ಗಾಡಿ ಓಡಲು ಸಿದ್ಧ ಎಂದು ತಿಳಿಸುವ ‘ರೆಡಿ’ ದೀಪ ಹತ್ತಲಿಲ್ಲ. ಗಾಡಿಯ ಹಿಂಭಾಗದಲ್ಲಿ ಮೋಟಾರು ಓಡಿಸಲೆಂದೇ ಇರುವ ದೊಡ್ಡ ಬ್ಯಾಟರಿಯಲ್ಲಿ ಶಕ್ತಿ ಇತ್ತು, ಆದರೆ ಅದನ್ನು ಮೋಟಾರಿಗೆ ಸೇರಿಸುವ ರಿಲೇಗಳು, ಅಂದರೆ ಕರೆಂಟಿನಿಂದ ನಡೆಯುವ ಸ್ವಿಚ್ಚುಗಳು, ಎಳೆಯುವುದು 12 ವೋಲ್ಟಿನ ಬಲದಿಂದ. ಕಣಜದ ತುಂಬ ರಾಗಿ, ಬೀಗದ ಕೈ ಮಾತ್ರ ಕಳೆದಿದೆ ಎಂಬಂಥ ಸ್ಥಿತಿ.

ಇದನ್ನು ‘ಕರೆಂಟ್ ಲೀಕ್’ ಎಂದು ಬರೆದದ್ದರಿಂದ ಮನೆಯಲ್ಲಿ ಆದ ಪರಿಣಾಮವೆಂದರೆ, ನಮ್ಮ ತಾಯಿಯವರು ಗಾಡಿ ಹತ್ತುವುದನ್ನೇ ನಿಲ್ಲಿಸಿದರು. ಅವರಿಗೆ ಆ ಮಾತಿನ ಅರ್ಥ ಒಂದೇ: ಮುಟ್ಟಿದರೆ ಹೊಡೆಯುತ್ತದೆ. ಅವರದು ತಪ್ಪಲ್ಲ. 1902ರಲ್ಲೇ ಶಿವನಸಮುದ್ರದಿಂದ ಚಿನ್ನದ ಗಣಿಗೆ ವಿದ್ಯುತ್ ಹರಿದ ಜಿಲ್ಲೆ ಇದು. ಅದಾದ ಮೇಲೆ ಬೋರ್‌ವೆಲ್ ಮೋಟಾರುಗಳು ಆ ಶಬ್ದಕೋಶವನ್ನು ಹೊಲಹೊಲಕ್ಕೂ ಒಯ್ದಿವೆ. “ಸ್ಟಾರ್ಟರ್ ಮುಟ್ಟಬೇಡ, ಲೀಕ್ ಆಗ್ತಿದೆ” ಎಂದರೆ ಇಲ್ಲಿ ಮಕ್ಕಳೂ ಹಿಂದೆ ಸರಿಯುತ್ತಾರೆ. ಹೈಬ್ರಿಡ್ ಗಾಡಿಯಲ್ಲಿ ಆ ಬಗೆಯ ದೋಷವೂ ನಿಜವಾಗಿ ಉಂಟು. ಕಿತ್ತಳೆ ಬಣ್ಣದ ಕೇಬಲ್ಲುಗಳಲ್ಲಿ ಹರಿಯುವ ಹೆಚ್ಚು ವೋಲ್ಟಿನ ವಿದ್ಯುತ್ತನ್ನು ಗಾಡಿಯ ಕಬ್ಬಿಣದ ಮೈಗೆ ಎಲ್ಲಿಯೂ ತಾಗಿಸದೆ ಪ್ರತ್ಯೇಕವಾಗಿ ಇಟ್ಟಿರುತ್ತಾರೆ, ಮತ್ತು ಗಾಡಿ ತಾನೇ ಆ ಪ್ರತ್ಯೇಕತೆಯನ್ನು ಅಳೆದು ನೋಡುತ್ತಿರುತ್ತದೆ. ನೇರ ವಿದ್ಯುತ್ತಿಗೆ (ಡಿಸಿ) ವೋಲ್ಟೊಂದಕ್ಕೆ ಕನಿಷ್ಠ 100 ಓಮ್ ಎಂಬ ನಿಯಮದಂತೆ, 200 ವೋಲ್ಟಿನ ಬ್ಯಾಟರಿಗೆ ಈ ತಡೆ (ರೆಸಿಸ್ಟೆನ್ಸ್) 20,000 ಓಮ್‌ಗಿಂತ ಕೆಳಗಿಳಿಯಬಾರದು. ಏಸಿ ಕಂಪ್ರೆಸರಿಗೆ ತಪ್ಪು ಜಾತಿಯ ಎಣ್ಣೆ ಹಾಕಿದರೂ ಈ ಪ್ರತ್ಯೇಕತೆ ಕೆಡುತ್ತದೆ, ಏಕೆಂದರೆ ಅದರ ಮೋಟಾರು ಆ ಎಣ್ಣೆಯಲ್ಲೇ ತಿರುಗುತ್ತದೆ. ನಮ್ಮ ಗಾಡಿಯಲ್ಲಿ ಈ ದೋಷ ಇರಲಿಲ್ಲ. ಇದ್ದದ್ದು ಬ್ಯಾಟರಿ ಇಳಿದುಹೋಗುವ ದೋಷ ಮಾತ್ರ. ಬ್ಯಾಟರಿ ಇಳಿಯುವುದು ಗಾಡಿ ನಿಂತುಹೋಗುವ ಪ್ರಶ್ನೆ, ಮೈಗೆ ವಿದ್ಯುತ್ ತಾಗುವುದು ಜೀವದ ಪ್ರಶ್ನೆ. ಎರಡಕ್ಕೂ ಬರಹದಲ್ಲಿ ‘ವಿದ್ಯುತ್ ಸೋರಿಕೆ’ ಎಂಬ ಒಂದೇ ಪದವಿರುವುದು ಸರಿಯಲ್ಲ ಎಂಬುದು ನನ್ನ ವಾದ.

ಪಂಪ್‌ಸೆಟ್ ರಿಪೇರಿಯವರು ಮೈಗೆ ತಾಗುವ ದೋಷಕ್ಕೆ ‘ಬಾಡಿ ಶಾರ್ಟ್’ ಎನ್ನುತ್ತಾರೆ, ‘ಮೆಗ್ಗರ್ (ವಿದ್ಯುತ್ ತಡೆಯನ್ನು ಅಳೆಯುವ ಮೀಟರ್) ಹಾಕಿ ನೋಡಿ’ ಎನ್ನುತ್ತಾರೆ. ಕನ್ನಡದ ನುಡಿಗಟ್ಟಾಗಿ ‘ಮೈಗೆ ಕರೆಂಟ್ ಬಂದಿದೆ’ ಎಂಬುದೂ ಕಿವಿಗೆ ಬಿದ್ದಿದೆ, ದೇವರು ಮೈಮೇಲೆ ಬಂದ ಹಾಗೆ. ಪಠ್ಯಪುಸ್ತಕದ ದಾರಿಯಲ್ಲಿ ಹೋದರೆ ವಾಹಕ, ಅವಾಹಕ ಎಂಬ ಜೋಡಿ ಸಿಗುತ್ತದೆ. ಅದರಿಂದ ‘ಅವಾಹನ ದೋಷ’ ಎಂದು ಕಟ್ಟಿದರೆ ಒಂದು ದೀರ್ಘ ತಪ್ಪಿ ‘ಆವಾಹನ ದೋಷ’ವಾಗಿ, ಪುರೋಹಿತರನ್ನು ಕರೆಸುವ ಪ್ರಸಂಗ ಬಂದೀತು. ‘ಮೈಸೋಂಕು’ ಎಂಬ ಪದವನ್ನು ನಾನು ಯೋಚಿಸಿದ್ದೆ. ಸೋಂಕು ಎಂದರೆ ತಾಗುವುದೇ ಆದರೂ ಈಗ ಅದು ರೋಗದ ಪಾಲಾಗಿಬಿಟ್ಟಿದೆ. ಬ್ಯಾಟರಿ ಸುಮ್ಮನೆ ಕರಗುವುದಕ್ಕೆ ‘ಇಳಿತ’ ಸಾಕೇ, ಅಥವಾ ಯಾರೂ ಬಳಸದೆ ಖರ್ಚಾಗುವ ಭಾವ ಬರುವಂತೆ ‘ಕಳ್ಳ ಇಳಿತ’ ಎನ್ನಬಹುದೇ? ನಮ್ಮಲ್ಲಿ “ಬ್ಯಾಟರಿ ಇಳಿದಿದೆ” ಎಂಬ ಮಾತು ರೂಢಿಯಲ್ಲಿರುವುದರಿಂದ ನನ್ನ ಒಲವು ಅತ್ತಲೇ ಇದೆ. ತುಮಕೂರು, ಚಿಕ್ಕಬಳ್ಳಾಪುರದ ಕಡೆ ಮೋಟಾರ್ ವೈಂಡಿಂಗ್ ಮಾಡುವವರ ಬಾಯಲ್ಲಿ ಬೇರೆ ಮಾತುಗಳಿದ್ದರೆ ದಯವಿಟ್ಟು ವಾಕ್ಯಸಮೇತ ತಿಳಿಸಬೇಕು.

ಕೊನೆಯದಾಗಿ ಒಂದು ಸಣ್ಣ ವಿಷಯ. ಬಿಚ್ಚಿದ ಕನೆಕ್ಟರನ್ನು ನನ್ನ ಕೈಗೆ ಕೊಟ್ಟಾಗ ಅದರ ಎರಡು ಪಿನ್ನುಗಳ ಬುಡದಲ್ಲಿ ನವಿಲುಗರಿಯ ಹಸಿರು ಕಟ್ಟಿತ್ತು. ಬಿಲ್ಲಿನಲ್ಲಿ ಅದನ್ನು ‘ತುಕ್ಕು’ ಎಂದು ಬರೆದಿದ್ದಾರೆ. ತುಕ್ಕು ಕಬ್ಬಿಣದ್ದು, ತಾಮ್ರ, ಹಿತ್ತಾಳೆಯದು ಕಿಲುಬು ಎಂದು ನಾನು ಹೇಳಿದ್ದಕ್ಕೆ, ಕಿಲುಬು ಪಾತ್ರೆಗೆ ಮಾತ್ರ ಹೇಳುವುದು ಎಂದರು. ನಮ್ಮ ತಾಯಿಯವರು ಕಿಲುಬು ಎಂದು ಕೇಳಿದ್ದೇ ತಡ ಹುಣಸೆಹುಳಿ ತರಲು ಎದ್ದರು. ಅದನ್ನು ತಡೆದು, ಸ್ಪ್ರೇ ಹೊಡೆಸಿ, ಕೊನೆಗೆ ಕನೆಕ್ಟರನ್ನೇ ಬದಲಿಸಿದ್ದಾಯಿತು. ಅನ್ನ, ಮಜ್ಜಿಗೆ ಇಡದ ಲೋಹಕ್ಕೂ ‘ಕಿಲುಬು’ ಸಲ್ಲುತ್ತದೆಯೇ, ಅಥವಾ ಅದು ಅಡುಗೆಮನೆಯ ಆಚೆ ಬರದ ಪದವೇ?