ಎರಡು ವರ್ಷ ತಟಸ್ಥವಾಗಿದ್ದ ರೊಮೇನಿಯಾ 1916ರಲ್ಲಿ ಯುದ್ಧಕ್ಕೆ ಇಳಿದದ್ದೇಕೆ?

ಪ್ರಶ್ನೆ: ಸರ್, ನೀವು ಯುರೋಪ್ ಇತಿಹಾಸ ಪಾಠ ಮಾಡುವವರು, ಅದಕ್ಕೇ ಕೇಳುತ್ತಿದ್ದೇನೆ. ಮೊದಲ ಮಹಾಯುದ್ಧದಲ್ಲಿ ರೊಮೇನಿಯಾ ಎರಡು ವರ್ಷ ಯಾರ ಕಡೆಗೂ ಸೇರಲಿಲ್ಲ. 1916ರ ಆಗಸ್ಟ್‌ನಲ್ಲಿ ಯುದ್ಧಕ್ಕಿಳಿಯಿತು, ಡಿಸೆಂಬರ್ ಹೊತ್ತಿಗೆ ರಾಜಧಾನಿಯನ್ನೇ ಕಳೆದುಕೊಂಡಿತು. ಸುಮ್ನೆ ಇದ್ದಿದ್ದರೆ ಚೆನ್ನಾಗಿರುತ್ತಿತ್ತು ಅಲ್ವಾ?

ಉತ್ತರ: ಸುಮ್ನೆ ಇದ್ದಿದ್ದರೆ ಟ್ರಾನ್ಸಿಲ್ವೇನಿಯಾ ಸಿಗುತ್ತಿರಲಿಲ್ಲ. ಅವರ ಕಣ್ಣೆಲ್ಲ ಅದರ ಮೇಲೆಯೇ ಇತ್ತು. ಹಂಗೆರಿಯ ಆಳ್ವಿಕೆಯಲ್ಲಿದ್ದ ಆ ಸೀಮೆಯಲ್ಲಿ ರೊಮೇನಿಯನ್ ಮಾತಾಡುವವರೇ ಜಾಸ್ತಿ.

ಆದರೆ 1883ರಿಂದಲೂ ರಾಜ ಒಂದನೇ ಕರೋಲ್ ಆಸ್ಟ್ರಿಯಾ-ಹಂಗೆರಿ, ಜರ್ಮನಿಗಳ ಜೊತೆ ಗುಟ್ಟಿನ ಒಪ್ಪಂದ ಇಟ್ಟುಕೊಂಡಿದ್ದ. ಅವನು ಹುಟ್ಟಿದ್ದೇ ಜರ್ಮನಿಯ ಹೊಹೆನ್‌ಜೊಲೆರ್ನ್ ಮನೆತನದಲ್ಲಿ. 1914ರ ಆಗಸ್ಟ್ 3ರಂದು ಸಿನಾಯಾದಲ್ಲಿ ಮಂತ್ರಿಗಳನ್ನೂ ಹಿರಿಯ ರಾಜಕಾರಣಿಗಳನ್ನೂ ಕೂರಿಸಿಕೊಂಡು, ಕೊಟ್ಟ ಮಾತು ಉಳಿಸಿಕೊಳ್ಳೋಣ ಎಂದು ಕೇಳಿದ. ಬೆಂಬಲಕ್ಕೆ ನಿಂತವನು ಪೆತ್ರೆ ಕಾರ್ಪ್ ಒಬ್ಬನೇ. ಇಟಲಿಯೂ ತಟಸ್ಥವಾಗಿ ಉಳಿಯುತ್ತದೆ ಎಂಬ ಸುದ್ದಿ ಅಲ್ಲಿಗೆ ಬಂದ ಮೇಲಂತೂ ರಾಜನ ವಾದಕ್ಕೆ ಬಲವೇ ಉಳಿಯಲಿಲ್ಲ. ಅಕ್ಟೋಬರ್‌ನಲ್ಲಿ ಅವನು ತೀರಿಕೊಂಡ. ಪಟ್ಟಕ್ಕೆ ಬಂದದ್ದು ಅಣ್ಣನ ಮಗ ಫರ್ಡಿನಾಂಡ್. ಅವನ ಹೆಂಡತಿ ಮೇರಿ ಬ್ರಿಟನ್ನಿನ ವಿಕ್ಟೋರಿಯಾ ರಾಣಿಯ ಮೊಮ್ಮಗಳು. ಅರಮನೆಯ ಗಾಳಿ ಯಾವ ಕಡೆ ತಿರುಗಿತು ಎಂದು ಬಿಡಿಸಿ ಹೇಳಬೇಕಿಲ್ಲ.

ಪ್ರಧಾನಿ ಬ್ರಾತಿಯಾನು ಮಹಾ ಚೌಕಾಸಿ ಮನುಷ್ಯ. ಏನೇನು ಸಿಗುತ್ತದೆ ಎಂಬುದು ಕಾಗದದ ಮೇಲೆ ಬರುವ ತನಕ ಅಲ್ಲಾಡಲಿಲ್ಲ. 1916ರ ಜೂನ್‌ನಲ್ಲಿ ರಷ್ಯಾದ ಜನರಲ್ ಬ್ರುಸಿಲೋವ್ ಆಸ್ಟ್ರಿಯಾ ಸೇನೆಯನ್ನು ಹಣ್ಣುಗಾಯಿ ಮಾಡಿದಾಗ, ಇನ್ನು ತಡ ಮಾಡಿದರೆ ಪಾಲು ಸಿಗಲಿಕ್ಕಿಲ್ಲ ಅನ್ನಿಸಿತು. ಆಗಸ್ಟ್ 17ಕ್ಕೆ ಬ್ರಿಟನ್, ಫ್ರಾನ್ಸ್, ರಷ್ಯಾ, ಇಟಲಿಗಳ ಜೊತೆ ಒಪ್ಪಂದ, 27ಕ್ಕೆ ಆಸ್ಟ್ರಿಯಾ-ಹಂಗೆರಿ ಮೇಲೆ ಯುದ್ಧ ಘೋಷಣೆ. ಅಷ್ಟರಲ್ಲಿ ಬ್ರುಸಿಲೋವ್‌ನ ವೇಗ ತಗ್ಗಿತ್ತು. ನನ್ನ ಲೆಕ್ಕದಲ್ಲಿ ಯುದ್ಧಕ್ಕಿಳಿದದ್ದು ತಪ್ಪಲ್ಲ, ಆ ಎರಡು ತಿಂಗಳ ಚೌಕಾಸಿ ದುಬಾರಿಯಾಯಿತು.

ಸೇನೆಗೆ ಭಾರಿ ಫಿರಂಗಿಗಳ ಕೊರತೆ ಬೇರೆ. ಸೇನೆಯ ಬಹುಪಾಲು ಟ್ರಾನ್ಸಿಲ್ವೇನಿಯಾಕ್ಕೆ ನುಗ್ಗಿತ್ತು. ಆಗ ದಕ್ಷಿಣದಿಂದ ಜರ್ಮನ್ ಸೇನಾಪತಿ ಮಾಕೆನ್ಸೆನ್ ಬಂದ, ತುರ್ತುಕಾಯ ಕೋಟೆ ಸೆಪ್ಟೆಂಬರ್ 6ಕ್ಕೇ ಬಿತ್ತು. ಉತ್ತರದಿಂದ ಬಂದವನು ಫಾಲ್ಕೆನ್‌ಹೈನ್. ರೊಮೇನಿಯಾ ಯುದ್ಧಕ್ಕಿಳಿದ ಬೆನ್ನಲ್ಲೇ ಜರ್ಮನಿಯ ಸೇನಾ ಮುಖ್ಯಸ್ಥನ ಹುದ್ದೆ ಕಳೆದುಕೊಂಡಿದ್ದವನು ಇವನೇ! ಡಿಸೆಂಬರ್ 6ಕ್ಕೆ ಬುಕಾರೆಸ್ಟ್ ಹೋಯಿತು.

ಇನ್ನೊಬ್ಬರ ಪ್ರಶ್ನೆ: ಜರ್ಮನರಿಗೆ ಅಲ್ಲಿನ ಎಣ್ಣೆ ಬಾವಿಗಳು ಸಿಕ್ಕವಾ ಸರ್?

ಉತ್ತರ: ಸಿಕ್ಕವು, ಹಾಳಾದ ಸ್ಥಿತಿಯಲ್ಲಿ. ಬ್ರಿಟನ್ನಿನಿಂದ ಬಂದ ನಾರ್ಟನ್-ಗ್ರಿಫಿತ್ಸ್ ಎಂಬ ಸಂಸದ ಪ್ಲೊಯೆಶ್ಟ್ ಸುತ್ತಮುತ್ತ ಬಾವಿಗಳಿಗೆ ಕಲ್ಲು, ಮಣ್ಣು, ಕಬ್ಬಿಣದ ಚೂರು ತುಂಬಿಸಿದ. ಎಣ್ಣೆ ತುಂಬಿದ ಟ್ಯಾಂಕುಗಳಿಗೆ ಬೆಂಕಿ ಇಡಿಸಿದ. ಯಂತ್ರಗಳನ್ನು ತಾನೇ ಸುತ್ತಿಗೆ ಹಿಡಿದು ಒಡೆದ. ಆದರೂ ಜರ್ಮನರು ಕೆಲವೇ ತಿಂಗಳಲ್ಲಿ ಒಂದಷ್ಟು ಬಾವಿಗಳಿಂದ ಮತ್ತೆ ಎಣ್ಣೆ ತೆಗೆದರು. ಧಾನ್ಯವನ್ನಂತೂ ರೈಲುಗಟ್ಟಲೆ ಸಾಗಿಸಿದರು.

ಮೊದಲ ಪ್ರಶ್ನೆ ಕೇಳಿದವರು: ಇಷ್ಟೆಲ್ಲ ಸೋತ ಮೇಲೂ ಯುದ್ಧ ಮುಗಿದಾಗ ದೇಶ ದೊಡ್ಡದಾದದ್ದು ಹೇಗೆ?

ಉತ್ತರ: ಸರ್ಕಾರ ಈಶಾನ್ಯದ ಯಾಶ್ ಊರಿಗೆ ಓಡಿತು. ಆ ಚಳಿಗಾಲದಲ್ಲಿ ಟೈಫಸ್ ಜ್ವರ ಸೈನಿಕರನ್ನೂ ನಿರಾಶ್ರಿತರನ್ನೂ ರಾಶಿ ರಾಶಿ ಕೊಂದಿತು. ಫ್ರೆಂಚ್ ಜನರಲ್ ಬೆರ್ತೆಲೊ ಸೇನೆಯನ್ನು ಮತ್ತೆ ಕಟ್ಟಿದ. 1917ರ ಬೇಸಿಗೆಯಲ್ಲಿ ಅದೇ ಸೇನೆ ಮರಶೆಶ್ಟ್‌ನಲ್ಲಿ ಮಾಕೆನ್ಸೆನ್‌ನನ್ನು ತಡೆದು ನಿಲ್ಲಿಸಿತು. ಆದರೆ ಪಕ್ಕದಲ್ಲಿ ರಷ್ಯಾ ಕ್ರಾಂತಿಯಾಗಿ ಕುಸಿದುಬಿತ್ತು. ಒಂಟಿಯಾದ ರೊಮೇನಿಯಾ 1918ರ ಮೇ 7ಕ್ಕೆ ಜರ್ಮನಿಯ ಷರತ್ತುಗಳಿಗೆ ಸಹಿ ಹಾಕಿತು. ರಾಜ ಮಾತ್ರ ಆ ಒಪ್ಪಂದಕ್ಕೆ ಕೊನೆಯ ಮುದ್ರೆ ಒತ್ತಲೇ ಇಲ್ಲ. ಇಂದು, ನಾಳೆ ಎಂದು ದೂಡುತ್ತಲೇ ಇದ್ದ. ನವೆಂಬರ್ 10ರಂದು, ಜರ್ಮನಿ ಕದನ ವಿರಾಮಕ್ಕೆ ಸಹಿ ಹಾಕುವ ಹಿಂದಿನ ದಿನ, ರೊಮೇನಿಯಾ ಮತ್ತೆ ಯುದ್ಧಕ್ಕಿಳಿಯಿತು!

ಅತ್ತ ಆಸ್ಟ್ರಿಯಾ, ಇತ್ತ ರಷ್ಯಾ, ಎರಡೂ ಸಾಮ್ರಾಜ್ಯ ಒಡೆದಿದ್ದವು. ರಷ್ಯಾದ ಕೈಯಲ್ಲಿದ್ದ ಬೆಸ್ಸರಾಬಿಯಾ, ಆಸ್ಟ್ರಿಯಾದ ಕೈಯಲ್ಲಿದ್ದ ಬುಕೊವಿನಾ ರೊಮೇನಿಯಾಕ್ಕೆ ಸೇರಿಕೊಂಡವು. ಡಿಸೆಂಬರ್ 1ರಂದು ಆಲ್ಬಾ ಯೂಲಿಯಾದಲ್ಲಿ ಸೇರಿದ ಟ್ರಾನ್ಸಿಲ್ವೇನಿಯಾದ ರೊಮೇನಿಯನ್ನರು ಒಂದಾಗುವ ಘೋಷಣೆ ಮಾಡಿದರು. ನೆಲವೂ ಜನಸಂಖ್ಯೆಯೂ ಯುದ್ಧಕ್ಕೆ ಮೊದಲಿದ್ದದ್ದರ ಎರಡು ಪಟ್ಟಿಗೂ ಜಾಸ್ತಿಯಾದವು. ಇದಕ್ಕೆ ತೆತ್ತ ಬೆಲೆಯೂ ಕಡಿಮೆಯಲ್ಲ. ಎರಡೂವರೆ ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತರು.

ಸಿಕ್ಕ ನೆಲದ ಜೊತೆ ಜಗಳವೂ ಬಂತು. 1930ರ ಜನಗಣತಿಯಲ್ಲಿ ಸುಮಾರು 28% ಜನ ರೊಮೇನಿಯನ್ನರಲ್ಲ. ನೆಲ ಕಳೆದುಕೊಂಡ ನೆರೆಯವರೆಲ್ಲ ಕಾಯುತ್ತಿದ್ದರು. 1940ರ ಒಂದೇ ಬೇಸಿಗೆಯಲ್ಲಿ ಬೆಸ್ಸರಾಬಿಯಾ ಸೋವಿಯತ್ ರಷ್ಯಾಕ್ಕೆ, ಉತ್ತರ ಟ್ರಾನ್ಸಿಲ್ವೇನಿಯಾ ಹಂಗೆರಿಗೆ ಹೋದವು. ಅದನ್ನು ತಪ್ಪಿಸಲು ಮಿತ್ರರು ಯಾರೂ ಬರಲಿಲ್ಲ.

ಮತ್ತೊಬ್ಬರ ಪ್ರಶ್ನೆ: ಅವರ ಚಿನ್ನ ರಷ್ಯಾದಲ್ಲೇ ಉಳಿಯಿತಂತೆ, ನಿಜವಾ ಮೇಷ್ಟ್ರೇ?

ಉತ್ತರ: ನಿಜ. ಜರ್ಮನರ ಕೈಗೆ ಸಿಗಬಾರದೆಂದು 1916-17ರಲ್ಲಿ ರೈಲಿಗೆ ತುಂಬಿ ಮಾಸ್ಕೋಗೆ ಕಳಿಸಿದರು. ರಾಷ್ಟ್ರೀಯ ಬ್ಯಾಂಕಿನ ಚಿನ್ನ ಸುಮಾರು 91 ಟನ್, ಜೊತೆಗೆ ರಾಣಿಯ ಒಡವೆಗಳು, ಮ್ಯೂಸಿಯಂ ವಸ್ತುಗಳು. ಇಟ್ಟುಕೊಂಡದ್ದಕ್ಕೆ ರಷ್ಯಾ ಬರೆದುಕೊಟ್ಟ ಕಾಗದವೂ ಇದೆ. ಬೆಸ್ಸರಾಬಿಯಾ ವಿಷಯಕ್ಕೆ ಜಗಳವಾಗಿ 1918ರಲ್ಲಿ, ಕ್ರಾಂತಿಯಿಂದ ರಷ್ಯಾದ ಅಧಿಕಾರ ಹಿಡಿದಿದ್ದ ಬೊಲ್ಶೆವಿಕರು ಎಲ್ಲವನ್ನೂ ಜಪ್ತಿ ಮಾಡಿದರು. ಪಿಯೆತ್ರೊವಾಸಾದ ಹಳೆಯ ನಿಧಿ, ಕೆಲವು ಕಲಾಕೃತಿಗಳು 1956ರಲ್ಲಿ ಹಿಂದಿರುಗಿದವು. ಬ್ಯಾಂಕಿನ ಚಿನ್ನ ಬಂದಿಲ್ಲ. 2024ರ ಮಾರ್ಚ್‌ನಲ್ಲಿ ಯುರೋಪಿಯನ್ ಪಾರ್ಲಿಮೆಂಟ್ ಕೂಡ ವಾಪಸ್ ಕೊಡಿ ಎಂದು ನಿರ್ಣಯ ಮಾಡಿತು.