ಬೆಣ್ಣೆಹಳ್ಳದ ನೆರೆ ತೋರಿಸುವ ಯುರೋಪಿನ ಉಪಗ್ರಹಕ್ಕೆ ದುಡ್ಡು ಹಾಕುವವರು ಯಾರು?

ಎರೆಹೊಲ, ನವಲಗುಂದ:
ನಮ್ಮ ರೈತ ಉತ್ಪಾದಕ ಕಂಪನಿಯ ಲೆಕ್ಕಪತ್ರ ನೋಡುವವನು ನಾನು. ಯುರೋಪಿನ ಸೆಂಟಿನೆಲ್ ಉಪಗ್ರಹಗಳ ಚಿತ್ರ ತೆರೆದು ಯಾರ ಹೊಲದಲ್ಲಿ ಕಡಲೆ ಹೇಗೆ ಎದ್ದಿದೆ ಎಂದು ನೋಡುವ ಚಟ ಅಂಟಿದೆ. ಒಂದು ಚುಕ್ಕೆ ಎಂದರೆ 10 ಮೀಟರ್, ಎಕರೆಗೆ ಸುಮಾರು 40 ಚುಕ್ಕೆ. ಬದು ಕಾಣುವುದಿಲ್ಲ, ನೀರು ನಿಂತು ಹಳದಿಯಾದ ಮೂಲೆ ಕಾಣುತ್ತದೆ. ಮಳೆಗಾಲದಲ್ಲಿ ಚಿತ್ರದ ತುಂಬ ಮೋಡವೇ. ಆಗ ಸೆಂಟಿನೆಲ್-1ರ ರಾಡಾರ್ ಚಿತ್ರ ನೋಡುತ್ತೇನೆ. ಬೆಣ್ಣೆಹಳ್ಳ ಉಕ್ಕಿ ಹರಡಿದ ಜಾಗವೆಲ್ಲ ಅದರಲ್ಲಿ ಕಪ್ಪಗೆ ಬರುತ್ತದೆ. ಇದಕ್ಕೆಲ್ಲ ಒಂದು ಪೈಸೆ ಕೇಳುವುದಿಲ್ಲ. ಹಾಗಾದರೆ ದುಡ್ಡು ಯಾರದು, ಯಜಮಾನರು ಯಾರು? ನಾಳೆ ನಿಲ್ಲಿಸಿದರೆ ಕೇಳುವವರು ಯಾರು?

ಸಾಧನಕೇರಿ, ಧಾರವಾಡ:
ಸಹಕಾರ ಸಂಘಗಳ ಲೆಕ್ಕ ಪರಿಶೋಧನೆಯಲ್ಲೇ ನೌಕರಿ ಮುಗಿಸಿದವನು ನಾನು. ಯಾವ ಸಂಸ್ಥೆಯಾದರೂ ಮೊದಲು ಷೇರು ಯಾರದು, ಮತ ಯಾರದು ಎಂದು ನೋಡುತ್ತೇನೆ.

ಅಲ್ಲಿ ಇಬ್ಬರು ಯಜಮಾನರು. ಒಂದು, ಪ್ಯಾರಿಸ್ಸಿನಲ್ಲಿ ಕೇಂದ್ರ ಕಚೇರಿ ಇರುವ ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆ. ಸದಸ್ಯ ದೇಶಗಳು 23. ದೊಡ್ಡದಿರಲಿ ಚಿಕ್ಕದಿರಲಿ, ದೇಶಕ್ಕೊಂದೇ ಮತ, ನಮ್ಮ ಪತ್ತಿನ ಸಂಘದ ಹಾಗೆ. ವಿಜ್ಞಾನ ಕಾರ್ಯಕ್ರಮಕ್ಕೆ ಎಲ್ಲರೂ ತಮ್ಮ ರಾಷ್ಟ್ರೀಯ ಆದಾಯಕ್ಕೆ ತಕ್ಕಂತೆ ವಂತಿಗೆ ಕೊಡಲೇಬೇಕು. ಭೂವೀಕ್ಷಣೆ, ರಾಕೆಟ್ ಮುಂತಾದವು ಐಚ್ಛಿಕ. ಬೇಕಾದವರು ಬೇಕಾದಷ್ಟು ಹಾಕುತ್ತಾರೆ, ಹಾಕದವರಿಗೆ ಆ ವಿಷಯದಲ್ಲಿ ಮತವಿಲ್ಲ. 2025ರ ನವೆಂಬರಿನಲ್ಲಿ ಬ್ರೆಮೆನ್‌ನಲ್ಲಿ ಮಂತ್ರಿಗಳು ಸೇರಿ ಮೂರು ವರ್ಷಕ್ಕೆ 2,210 ಕೋಟಿ ಯೂರೋ ಒಪ್ಪಿಕೊಂಡರು. ಜರ್ಮನಿಯದೇ 500 ಕೋಟಿಗೂ ಹೆಚ್ಚು.

ಇನ್ನೊಂದು ಐರೋಪ್ಯ ಒಕ್ಕೂಟ. ನೀವು ನೋಡುವ ಸೆಂಟಿನೆಲ್‌ಗಳು ಅದರ ಕೋಪರ್ನಿಕಸ್ ಎಂಬ ಭೂವೀಕ್ಷಣೆ ಯೋಜನೆಯವು. ಮೊದಲ ಉಪಗ್ರಹಗಳಿಗೆ ಬಾಹ್ಯಾಕಾಶ ಸಂಸ್ಥೆಯೂ ಹಣ ಹಾಕಿತ್ತು. ಇಂದಿಗೂ ಕಟ್ಟಿಸುವ ಹೊಣೆ ಅದರದು, ಖರ್ಚಿನ ಮುಖ್ಯ ಭಾರ ಒಕ್ಕೂಟದ್ದು. 2021ರಿಂದ 2027ರವರೆಗಿನ ಬಾಹ್ಯಾಕಾಶ ಬಜೆಟ್ 1,488 ಕೋಟಿ ಯೂರೋ. ಅದರಲ್ಲಿ ಕೋಪರ್ನಿಕಸ್‌ಗೆ 542 ಕೋಟಿ. ದತ್ತಾಂಶವನ್ನು ಪುಕ್ಕಟೆ ಕೊಡಬೇಕೆಂಬುದು ಯಾರದೋ ಔದಾರ್ಯವಲ್ಲ, 2013ರಲ್ಲಿ ಒಕ್ಕೂಟ ಮಾಡಿದ ನಿಯಮ. ಸ್ವಿಟ್ಜರ್ಲೆಂಡ್ ಬಾಹ್ಯಾಕಾಶ ಸಂಸ್ಥೆಯಲ್ಲಿದೆ, ಒಕ್ಕೂಟದಲ್ಲಿಲ್ಲ. ಬ್ರಿಟನ್ ಒಕ್ಕೂಟ ಬಿಟ್ಟಮೇಲೂ ದುಡ್ಡು ಕಟ್ಟಿ 2024ರಲ್ಲಿ ಕೋಪರ್ನಿಕಸ್‌ಗೆ ಮರಳಿತು. ಇಂಥ ಸೋಜಿಗಗಳು ಅಲ್ಲಿ ಬೇಕಾದಷ್ಟಿವೆ.

ಕೆಂಪುಮೆಣಸು, ಬ್ಯಾಡಗಿ:
ಗುರುಗಳೇ, ಮುಖ್ಯ ಸಂಗತಿಯನ್ನೇ ಬಿಟ್ಟಿರಿ. ಬಾಹ್ಯಾಕಾಶ ಸಂಸ್ಥೆಗೆ ಒಂದು ದೇಶ ಎಷ್ಟು ಹಾಕುತ್ತದೋ ಹೆಚ್ಚುಕಡಿಮೆ ಅಷ್ಟೇ ಮೊತ್ತದ ಗುತ್ತಿಗೆ ಆ ದೇಶದ ಕಂಪನಿಗಳಿಗೆ ಮರಳಬೇಕು. ಒಂದು ರಾಕೆಟ್ಟಿನ ಕೆಲಸವನ್ನು ಹತ್ತು ದೇಶಗಳಿಗೆ ಹಂಚಿದರೆ ಇನ್ನೇನಾಗುತ್ತದೆ? 2020ರಲ್ಲಿ ಹಾರಬೇಕಿದ್ದ ಯುರೋಪಿನ ಏರಿಯಾನ್-6 ರಾಕೆಟ್ ಹಾರಿದ್ದು 2024ರ ಜುಲೈ 9ರಂದು. ಜಿಪಿಎಸ್‌ನಂತೆ ದಾರಿ ತೋರಿಸುವ ಯುರೋಪಿನ ಗೆಲಿಲಿಯೋ ಉಪಗ್ರಹಗಳನ್ನು ಅಮೆರಿಕದ ಸ್ಪೇಸ್‌ಎಕ್ಸ್ ರಾಕೆಟ್ಟಿಗೆ ಏರಿಸಬೇಕಾಯಿತು. ಖಾಸಗಿಯವರಿಗೆ ವಹಿಸಿ ಕೈತೊಳೆದುಕೊಳ್ಳುವುದು ವಾಸಿ.

ಸಾಧನಕೇರಿ, ಧಾರವಾಡ:
ದುಬಾರಿ ಎಂಬುದು ನಿಜ. ಆದರೆ ಆ ಕಟ್ಟಳೆ ತೆಗೆದರೆ ಚಿಕ್ಕ ದೇಶದ ಮಂತ್ರಿ ತನ್ನ ಸಂಸತ್ತಿಗೆ ಏನೆಂದು ಹೇಳಿ ದುಡ್ಡು ತರುತ್ತಾನೆ? ಖಾಸಗಿಯವರ ಮಾತು ಹೇಳಿದಿರಿ, ಗೆಲಿಲಿಯೋದಲ್ಲಿ ಅದೂ ಆಗಿದೆ. ಕಂಪನಿಗಳ ಕೂಟ ಮೂರನೇ ಎರಡು ಭಾಗ ಹಾಕುತ್ತದೆಂಬ ಲೆಕ್ಕವಿತ್ತು. ನಷ್ಟದ ಹೊಣೆ ಯಾರದೆಂಬ ಪ್ರಶ್ನೆಗೆ ಬಂದಾಗ ಜಗ್ಗಾಟ ಶುರುವಾಗಿ 2007ರಲ್ಲಿ ಆ ಏರ್ಪಾಡು ಮುರಿದುಬಿತ್ತು. ಆಗ ಒಕ್ಕೂಟ ಕೈಹಾಕಿದ್ದು ಎಲ್ಲಿಗೆ ಗೊತ್ತೇ? ಬಹುಪಾಲು ಕೃಷಿ ಬಜೆಟ್ಟಿನಲ್ಲಿ ಖರ್ಚಾಗದೆ ಉಳಿದಿದ್ದ ಹಣಕ್ಕೆ! ಎರೆಹೊಲ ಅವರೇ, ಇದನ್ನು ನಿಮ್ಮ ನಿರ್ದೇಶಕರ ಸಭೆಯಲ್ಲಿ ಓದಿ ಹೇಳಿ.

ಎರೆಹೊಲ, ನವಲಗುಂದ:
ಓದದೇ ಬಿಡುವುದಿಲ್ಲ ಸರ್. 2027ರ ನಂತರದ ಗತಿ?

ಸಾಧನಕೇರಿ, ಧಾರವಾಡ:
2028ರಿಂದ 2034ರ ಬಜೆಟ್ಟಿಗಾಗಿ ಒಕ್ಕೂಟದ ಆಡಳಿತ ನಡೆಸುವ ಐರೋಪ್ಯ ಆಯೋಗ 2025ರ ಜುಲೈನಲ್ಲಿ ಇಟ್ಟ ಪ್ರಸ್ತಾವದಲ್ಲಿ ರಕ್ಷಣೆ, ಭದ್ರತೆ, ಬಾಹ್ಯಾಕಾಶ ಮೂರನ್ನೂ ಒಂದೇ ತಲೆಬರಹದ ಕೆಳಗೆ ತಂದು 13,100 ಕೋಟಿ ಯೂರೋ ತೋರಿಸಿದ್ದಾರೆ. ಮೊತ್ತ ದೊಡ್ಡದು. ಆದರೆ ಫಿರಂಗಿಯವರ ಜೊತೆ ಒಂದೇ ಪಂಕ್ತಿಯಲ್ಲಿ ಕುಳಿತರೆ ಭೂಮಿ ನೋಡುವ ಉಪಗ್ರಹದ ಎಲೆಗೆ ಎಷ್ಟು ಬಿದ್ದೀತು ಎಂಬುದೇ ನನ್ನ ಅನುಮಾನ. ಒಂದನ್ನೇ ನಂಬಿ ಕೂರಬೇಡಿ. ನಮ್ಮ ಇಸ್ರೋ ಚಿತ್ರಗಳು ಭೂನಿಧಿ ತಾಣದಲ್ಲಿ ಸಿಗುತ್ತವೆ; 5 ಮೀಟರ್ ಮತ್ತು ಅದಕ್ಕಿಂತ ಒರಟಾದ ದತ್ತಾಂಶ ಉಚಿತ ಎಂದು 2023ರ ಬಾಹ್ಯಾಕಾಶ ನೀತಿಯೇ ಹೇಳುತ್ತದೆ. ಅಲ್ಲೂ ಒಂದು ಖಾತೆ ತೆರೆದಿಡಿ.