ಜವಾರಿ ಕೋಳಿಗಳ ರಕ್ತದಿಂದ ಡಿಎನ್‌ಎ ಸಿಗುತ್ತಿಲ್ಲ: ಎರಡನೆಯ ಸಲವೂ ವಿಫಲ

ಬೀಳಗಿ_ಜವಾರಿ:
ಹೆಚ್ಚು ಮೊಟ್ಟೆಯಿಡುವ ಜವಾರಿ ತಳಿಯನ್ನು ಆರಿಸಿ ಬೆಳೆಸುವ ಉದ್ದೇಶದಿಂದ ನನ್ನ 24 ಕೋಳಿಗಳ ರಕ್ತವನ್ನು ರೆಕ್ಕೆಯ ರಕ್ತನಾಳದಿಂದ ತೆಗೆಸಿ ಖಾಸಗಿ ಪ್ರಯೋಗಾಲಯವೊಂದಕ್ಕೆ ಎರಡು ಸಲ ಕಳುಹಿಸಿದೆ. ಎರಡೂ ಸಲ ‘ಡಿಎನ್‌ಎ ಗುಣಮಟ್ಟ ಸಾಲದು’ ಎಂಬ ಒಂದೇ ಸಾಲಿನ ಉತ್ತರ ಬಂದಿದೆ. ಹಣ ಹೋದದ್ದಕ್ಕಿಂತ, ಹುಂಜವನ್ನು ಆರಿಸಲಾಗದೆ ಒಂದು ಹಂಗಾಮು ಕೈತಪ್ಪಿದ ಸಂಕಟ ದೊಡ್ಡದು. ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದೇನೆ. ತಪ್ಪು ಎಲ್ಲಿದೆ?

ಡೋಣಿ_ದಂಡೆ:
ನಮ್ಮ ಭಾಗದ ಬಿಸಿಲೇ ಕಾರಣ. ಏಪ್ರಿಲ್‌ನಲ್ಲಿ ಬಸ್ಸಿನ ಪಾರ್ಸಲ್ ಡಬ್ಬಿಯೊಳಗೆ ರಕ್ತ ಕೆಡದೆ ಉಳಿಯುವುದಿಲ್ಲ.

ಬೀಳಗಿ_ಜವಾರಿ:
ಎರಡನೆಯ ಸಲ ಐಸ್ ಪೆಟ್ಟಿಗೆಯಲ್ಲೇ ಕಳುಹಿಸಿದ್ದೆ, ಅಣ್ಣಾ.

ಡೋಣಿ_ದಂಡೆ:
ಐಸ್ ದಾರಿಯಲ್ಲಿ ಕರಗಿರುತ್ತದೆ. ನಾನು ಶಾಖವೇ ಎನ್ನುತ್ತೇನೆ.

ಗೋಕಾಕ_ಗೂಡು:
ಶಾಖದ ಮಾತನ್ನು ಸ್ವಲ್ಪ ಬದಿಗಿಡೋಣ. ಕೊಳವೆಯ ಮುಚ್ಚಳದ ಬಣ್ಣ ಯಾವುದು? ಒಂದು ಕೋಳಿಯಿಂದ ಎಷ್ಟು ರಕ್ತ ತೆಗೆದಿರಿ?

ಬೀಳಗಿ_ಜವಾರಿ:
ಮೊದಲ ಸಲ ನೇರಳೆ, ಎರಡನೆಯ ಸಲ ಪಶುವೈದ್ಯ ಮಿತ್ರರ ಬಳಿಯಿದ್ದ ಹಸಿರು. ಎರಡೂ ಸಲ ತಲಾ ಒಂದು ಮಿಲಿಲೀಟರ್. ಮುಚ್ಚಳದ ಬಣ್ಣ ಮುಖ್ಯವೆಂದು ನನಗೆ ತೋರಲೇ ಇಲ್ಲ.

ಗೋಕಾಕ_ಗೂಡು:
ಹಾಗಾದರೆ ಕಾರಣಗಳು ಎರಡಿರುವಂತಿದೆ. ರಕ್ತ ಹೆಪ್ಪುಗಟ್ಟದಿರಲೆಂದು ಹಸಿರು ಮುಚ್ಚಳದ ಕೊಳವೆಯಲ್ಲಿ ಹಾಕಿರುವ ಹೆಪಾರಿನ್, ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ಕ್ರಿಯೆಯನ್ನೇ ತಡೆಯುತ್ತದೆ. ಅದೇ ಕೆಲಸಕ್ಕೆ ನೇರಳೆಯಲ್ಲಿರುವ ಇಡಿಟಿಎ ಸುರಕ್ಷಿತ. ಮೊದಲ ಸಲದ್ದು ರಕ್ತದ ಪ್ರಮಾಣದ ದೋಷವಿರಬಹುದು. ಹಸುವಿನ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರವಿಲ್ಲ, ಕೋಳಿಯದರಲ್ಲಿ ಇದೆ. ಆದ್ದರಿಂದ ಹಸುವಿನ ರಕ್ತಕ್ಕೆ ಹೇಳಿದ 200 ಮೈಕ್ರೋಲೀಟರನ್ನೇ ಕೋಳಿಯ ರಕ್ತಕ್ಕೂ ಬಳಸಿದರೆ ಡಿಎನ್‌ಎ ಅತಿಯಾಗಿ, ದ್ರಾವಣ ಲೋಳೆಯಂತಾಗಿ, ಶುದ್ಧೀಕರಿಸುವ ಕಾಲಂ ಕಟ್ಟಿಕೊಳ್ಳುತ್ತದೆ. 5ರಿಂದ 10 ಮೈಕ್ರೋಲೀಟರ್ ಸಾಕು. ಎಷ್ಟು ಬಳಸಿದರೆಂದು ಪ್ರಯೋಗಾಲಯದವರನ್ನೇ ಕೇಳಿರಿ.

ಹಿಪ್ಪರಗಿ_ಹುಂಜ:
ಡಿಎನ್‌ಎ ಬಂದರೂ ಆಯ್ಕೆ ಆಗುವುದಿಲ್ಲವಲ್ಲ, ಸರ್. ಯಾವ ಹೇಂಟೆ ವರ್ಷಕ್ಕೆ ಎಷ್ಟು ಮೊಟ್ಟೆಯಿಟ್ಟಿತು, ಎಷ್ಟು ದಿನ ಕಾವಿಗೆ ಕೂತಿತು ಎಂಬ ದಾಖಲೆಯಿರುವ ದೊಡ್ಡ ಹಿಂಡೊಂದರ ಜೊತೆ ಹೋಲಿಸಿದಾಗ ಮಾತ್ರ ಜೀನೋಮಿನ, ಅಂದರೆ ಕೋಳಿಯ ಇಡೀ ಡಿಎನ್‌ಎಯ, ಗುರುತುಗಳಿಗೆ ಅರ್ಥ ಬರುತ್ತದೆ. ನಿಮ್ಮ ಹಿಂಡಿನಲ್ಲಿ ಗಿರಿರಾಜ ಎಂಬ ಸುಧಾರಿತ ತಳಿಯ ಬೆರಕೆ ಇದೆಯೇ?

ಬೀಳಗಿ_ಜವಾರಿ:
ಎರಡು ವರ್ಷದ ಹಿಂದೆ ಒಂದು ಗಿರಿರಾಜ ಹುಂಜವಿತ್ತು. ಅದರಿಂದೇನು?

ಡೋಣಿ_ದಂಡೆ:
ಹಾಗಿದ್ದರೆ ಅದನ್ನು ಜವಾರಿ ಎಂದು ಕರೆಯಲೇಬಾರದು.

ಹಿಪ್ಪರಗಿ_ಹುಂಜ:
ಹೆಸರಿನ ಜಗಳ ಬೇಡ. ಬೆರಕೆಯ ಪ್ರಮಾಣವನ್ನೂ ರಕ್ತಸಂಬಂಧವನ್ನೂ ಅಳೆಯಲು 24 ಮಾದರಿಗಳು ಉಪಯುಕ್ತವೇ, ಏಕೆಂದರೆ ಅಣ್ಣತಂಗಿಯರ ಕೂಡಿಕೆಯನ್ನು ತಪ್ಪಿಸಬಹುದು. ಆದರೆ ಮೊಟ್ಟೆಯ ಸಂಖ್ಯೆಯನ್ನು ಮುನ್ಸೂಚಿಸಲು ಅವು ಏನೇನೂ ಸಾಲವು.

ಬೀಳಗಿ_ಜವಾರಿ:
ನೇರಳೆ ಕೊಳವೆಗಳನ್ನು ತರಿಸುತ್ತೇನೆ, ಪ್ರಯೋಗಾಲಯಕ್ಕೂ ಪತ್ರ ಬರೆಯುತ್ತೇನೆ. ಯಾವ ಹೇಂಟೆ ಎಷ್ಟು ಮೊಟ್ಟೆಯಿಟ್ಟಿತೆಂಬ ದಾಖಲೆಯಿಡಲು, ಮೊಟ್ಟೆಯಿಡಲು ಹೊಕ್ಕ ಹೇಂಟೆ ನಾವು ಬಿಡುವವರೆಗೂ ಒಳಗೇ ಉಳಿಯುವಂತೆ ಬಾಗಿಲು ತಾನೇ ಬೀಳುವ ಗೂಡನ್ನು ನಿಮ್ಮಲ್ಲಿ ಯಾರಾದರೂ ಮಾಡಿಸಿದ್ದರೆ, ದಯವಿಟ್ಟು ಅದರ ಅಳತೆ ತಿಳಿಸಿರಿ.

ಡೋಣಿ_ದಂಡೆ:
ಈ ಸಲ ಪೆಟ್ಟಿಗೆಯೊಳಗೆ ತಾಪಮಾಪಕವನ್ನೂ ಇಟ್ಟು ಕಳುಹಿಸಿರಿ.